ಅವನ ಹೆಸರಿನಲ್ಲಿ ಬೇಡಿದ ಕ್ಷಮೆ

"ಇದನ್ನ ನಾ ಹೇಳಿದ್ನೇನ್ರಿ?"

ಮಡಚಿದ ಪ್ರಿಂಟೌಟನ್ನು ಮಾಲಿಂಗ ಕೀಬೋರ್ಡಿನ ಮೇಲೆ ಇಟ್ಟ. ಸಂಕೇಶ್ವರದ ಬಸ್ ಸ್ಟ್ಯಾಂಡಿನೆದುರಿನ ಇಂಟರ್ನೆಟ್ ಅಂಗಡಿ ನೇಮಿನಾಥ ಕಾಕಾನದು. ಆ ಮಧ್ಯಾಹ್ನ ಅಲ್ಲಿ ಅವನ ಅಣ್ಣನ ಮಗಳು ಭಕ್ತಿ ಒಬ್ಬಳೇ ಕುಳಿತಿದ್ದಳು.

ಕಾಗದದಲ್ಲಿದ್ದುದು ಅವಳದೇ ಇಂಗ್ಲಿಷು. ಕೆಳಗೆ ಅವನ ಹೆಸರು.

"ನಿಡಸೋಸಿ ಮಾಸ್ತರು ಸಾಲಿ ಕಂಪ್ಯೂಟರದಾಗ ತಗದು ಓದಿ ಹೇಳಿದ್ರು. ಬಾಜೂಕ ನಮ್ಮಪ್ಪ ಕುಂತಿದ್ದ."

ಅಯ್ಯೋ... ಅವರ ಮುಂದೆಯೇ!

ಕುರಿಗಾರರ ಮನೆಯ ಮಾಲಿಂಗನಿಗೆ ಕಟ್ಟಿಗೆ ಕೆತ್ತುವ ಹುಚ್ಚು. ವಾರಕ್ಕೊಮ್ಮೆ ಬಂದು, ದೇಶದೇಶದ ಕೆತ್ತನೆ ಹವ್ಯಾಸಿಗಳು ಸೇರುವ ಫೋರಂಗೆ ಫೋಟೊ ಹಾಕಿಸುತ್ತಿದ್ದ. ಅವನು ಹೇಳಿದ್ದನ್ನು ಭಕ್ತಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಅವನು ಬರುವ ದಿನ ಫ್ಯಾನಿನ ಕೆಳಗಿನ ಕಂಪ್ಯೂಟರನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಎರಡು ವಾರದ ಹಿಂದೆ ಹಾಕಿದ್ದು ಜಾಲಿ ಕಟ್ಟಿಗೆಯ ಬಂದೂಕು. ಊರಿನ ಸಣ್ಣಾಟ ನಾಟಕದ ಫೌಜದಾರನ ಪಾತ್ರಕ್ಕೆ ಮಾಡಿದ್ದು. ಟೆಕ್ಸಾಸಿನವನೊಬ್ಬ ಮೆಚ್ಚಿ, ತನ್ನ ಮನೆಯ ನಾಲ್ಕು ನಿಜವಾದ ಬಂದೂಕುಗಳನ್ನು ತೋರಿಸಿ, 'ತೋಳ ಬಂದರೆ ನೀವು ಯಾವುದು ಬಳಸುತ್ತೀರಿ?' ಎಂದು ಕೇಳಿದ. 'ನನ್ನ ತಮ್ಮ ಗುಂಡಿಗೆ ಸತ್ತ. ದಯವಿಟ್ಟು ಇದನ್ನು ತೆಗೆಯಿರಿ' ಎಂದಳು ಸ್ಕಾಟ್ಲೆಂಡಿನವಳೊಬ್ಬಳು. ಆಮೇಲೆ ಜಗಳ... ನಲವತ್ತು ಉತ್ತರ!

"ಇದು ಆಟದ್ದು ಅಂತ ಬರೀರಿ," ಎಂದು ಕಳೆದ ವಾರ ಮಾಲಿಂಗ ಬಸ್ಸಿಗೆ ಓಡಿದ್ದ.

ಭಕ್ತಿ ಬರೆದದ್ದೇ ಬೇರೆ. ಅವಳ ಜೈನ ಮನೆಯಲ್ಲಿ ಪರ್ಯೂಷಣ ಪರ್ವ ಮುಗಿದು ಎರಡೇ ದಿನವಾಗಿತ್ತು. ಪ್ರತಿವರ್ಷ ಮನೆಯ ಏಳೂ ಜನರ ಹೆಸರಿನಲ್ಲಿ ನಂಟರಿಗೆ ಕ್ಷಮೆ ಬೇಡುವ ಕಾರ್ಡು ಬರೆಯುವವಳು ಅವಳೇ. ಏನು ಬರೆದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದೇ ಕೈ, ಅದೇ ರೂಢಿ... ಮಾಲಿಂಗನ ಹೆಸರಿನಲ್ಲೂ ಬರೆದುಬಿಟ್ಟಿದ್ದಳು: 'ನಾವು ಕುರಿಗಾರರು, ಕೊಲ್ಲುವುದು ನಮ್ಮ ಮನೆತನಕ್ಕೆ ಹೊಸದಲ್ಲ. ನನಗೆ ನಾಚಿಕೆಯಾಗಿದೆ. ಕ್ಷಮಿಸಿ.'

ಜಗಳ ನಿಂತಿತ್ತು. ಅವನಿಗೆ ಒಳ್ಳೆಯದೇ ಮಾಡಿದೆ ಎಂದು ಅವಳು ಹಿಗ್ಗಿದ್ದಳು!

"ನಮ್ಮಪ್ಪ ಏನಂದ ಗೊತ್ತೇನ್ರಿ? 'ಮೂವತ್ತ ವರ್ಷ ಬಡಿಗಿ ಹಿಡದ ತ್ವಾಳ ಓಡಿಸೇನಿ, ಒಂದನೂ ಕೊಂದಿಲ್ಲ. ನನ್ನ ಮಗಗ ನಾ ಅಂದ್ರ ಯಾವಾಗಿಂದ ನಾಚಿಕಿ?' ಅಂದ."

ಅವನು ಹೊರಟುಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ.

ಕೊಲ್ಲಬಾರದೆಂದು ಕಲಿತವಳು ನಾನು... ಒಬ್ಬ ಮುದುಕನ ಮಾನ ಕೊಂದೆನಲ್ಲ!

ಮೂರನೆಯ ವಾರ ಅವಳು ಮಾಲಿಂಗನ ಊರಿಗೆ ಹೋಗಲು ಹುಕ್ಕೇರಿ ಬಸ್ಸು ಹತ್ತಿದಳು. ಅವನ ಅಪ್ಪ ಭೀಮರಾಯ ಹಟ್ಟಿಯ ಮುಂದೆ ಕುರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ಮಾಲಿಂಗ ಕುರಿ ಹಿಡಿದಿದ್ದ.

"ಕಾಕಾ, ಅದನ್ನ ಬರದಾಕಿ ನಾನು. ನಿಮ್ಮ ಮಗ ಅಲ್ಲರಿ. ಕ್ಷಮಾ ಮಾಡ್ರಿ."

ಮುದುಕ ತಲೆಯೆತ್ತಿದ. "ನಿಮ್ಮ ಮಂದಿ ಇರುವಿನೂ ತುಳಿಯಂಗಿಲ್ಲ ಅಂತ ಕೇಳಿದ್ದೆ. ನಮ್ಮನ್ನ ಮಾತ್ರ ಚಲೋ ತುಳದಿ ನೋಡವಾ."

ಭಕ್ತಿಯ ಕಣ್ಣು ತುಂಬಿತು. ಕಾಲ್ಕೆಳಗಿನ ನೆಲವನ್ನೇ ನೋಡುತ್ತ ನಿಂತಳು.

"ಅಳಬ್ಯಾಡ. ನೀರ ಕುಡದ ಹೋಗು," ಎಂದು ಅವನು ಕುರಿ ಹೊಡೆದುಕೊಂಡು ನಡೆದ.

ಅವಳು ಮಾಲಿಂಗನ ಕೈಗೆ ಕ್ಷಮೆಯ ಕಾರ್ಡು ಕೊಟ್ಟಳು. ಕೆಳಗೆ ಒಂದೇ ಹೆಸರು, ಅವಳದು.

"ಫೋರಂನ್ಯಾಗೂ ಖರೇ ಬರದೇನಿ. ನನ್ನ ಹೆಸರ ಹಾಕಿ."

"ಏನಂದ್ರು?"

"ಬಡಿಗಿಗೆ ತ್ವಾಳ ಓಡೂದು ಸುಳ್ಳು ಅಂದ ಟೆಕ್ಸಾಸಿನಾಂವ. ಸ್ಕಾಟ್ಲೆಂಡಿನಾಕಿಗೆ ಬಂದೂಕ ಇನ್ನೂ ಸೇರಂಗಿಲ್ಲ. ಆದ್ರ... ಬಡಿಗಿ ಹಿಡದ ನಿಮ್ಮಪ್ಪನ ಫೋಟೊ ಕಳಸ್ರಿ ಅಂದಾಳ."

ಮಾಲಿಂಗ ಕಾರ್ಡಿನ ಮೇಲಿನ ಅವಳ ಹೆಸರನ್ನು ಮತ್ತೊಮ್ಮೆ ಓದಿದ. ಆಮೇಲೆ ಕಾರ್ಡು ತಿರುಗಿಸಿದ.

"ಹಿಂದ ಜಾಗಾ ಐತಿ. ನಾ ಹೇಳ್ತೇನಿ, ನೀ ಬರಿ. ಒಂದಕ್ಷರ ಹೆಚ್ಚಾಗಬಾರದು."

ನೀ...! ಇಷ್ಟು ದಿನ 'ರಿ' ಎನ್ನುತ್ತಿದ್ದವನು. ಅವಳು ಪೆನ್ನು ತೆಗೆದಳು. "ಹೇಳ್ರಿ."

"ನಿನ್ನ ನೋಡದ ಎರಡ ವಾರ ನನ್ನ ಕೈಯಾಗ ಉಳಿ ನಿಲ್ಲಲಿಲ್ಲ."

ಪೆನ್ನು ನಿಂತಿತು.

"ಬರದ್ಯಾ?"

"ಹ್ಞೂಂ..."

"ಓದು."

ಓದಿ ಮುಗಿಸಿ ಅವಳು ಪೆನ್ನನ್ನು ಸಾಲಿನ ಕೆಳಗೆ ತಂದಳು. "ಕೆಳಗ... ನಿಮ್ಮ ಹೆಸರ ಬರೀಲ್ಯಾ?"

ಅವನು ಪೆನ್ನಿಗೆ ಕೈಚಾಚಿದ.

"ತಾ ಇಲ್ಲೆ. ಅದನ್ನ ನಾನ ಬರೀತೇನಿ."