ಬದಲಾದ ಹಾಲು

ವಸ್ತುಗಳನ್ನು ಪರೀಕ್ಷಿಸುವ ದ್ರವ್ಯದರ್ಶಕದ ಬಟ್ಟಲಿಗೆ ಒಂದು ಚಮಚ ಹಾಲು ಬಿದ್ದು ಹನ್ನೊಂದು ಸೆಕೆಂಡು ಕಳೆದಿತ್ತು. ಯಂತ್ರ ಸಣ್ಣಗೆ ಗುಂಯ್‌ಗುಟ್ಟುತ್ತ ಹಾಲಿನೊಳಗೆ ನಾಲ್ಕು ಬಗೆಯ ಬೆಳಕನ್ನು ಹಾಯಿಸಿತು. ಬಳಿಕ ತೆರೆಯ ಮೇಲೆ ಎರಡು ಸಾಲು ಮೂಡಿದವು: 'ಮಿಶ್ರಣ. ಕಲಬೆರಕೆಯಾಗಿದೆ.'

ಮಂಗಳಾ ಹೂಗಾರ ಅದನ್ನು ಎರಡು ಸಲ ಓದಿದಳು.

ಅವಳು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ವೆಲ್ಡರ್. ಐದು ತಿಂಗಳ ಮಗ ಚನ್ನಬಸು ಕುಡಿದು ಮಿಕ್ಕ ಹಾಲನ್ನು ವಾರಕ್ಕೆರಡು ಬಾರಿ ಆಸ್ಪತ್ರೆಯ ತಾಯಿಹಾಲು ಭಂಡಾರಕ್ಕೆ ಕೊಡುತ್ತಿದ್ದಳು. ದಿನ ತುಂಬದೆ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟೇ ಆಗಿ ಮಲಗಿರುತ್ತಿದ್ದ ಕೂಸುಗಳಿಗೆ ಆ ಹಾಲೇ ಜೀವ. ಕೊಡುವವರು ಮಾತ್ರ ಬೆರಳೆಣಿಕೆಯಷ್ಟು ಮಂದಿ. ಯಾರೋ ಒಮ್ಮೆ ಆಕಳ ಹಾಲು ಬೆರೆಸಿ ತಂದಿದ್ದರೆಂದು ಈ ತಿಂಗಳಿಂದ ಯಂತ್ರ ಬಂದು ಕೂತಿತ್ತು.

"ಸಿಸ್ಟರ್, ನಾ ಏನೂ ಹಾಕಿಲ್ಲರಿ," ಎಂದಳು ಮಂಗಳಾ.

ಭಂಡಾರದ ಸುಗಂಧಾ ಸಿಸ್ಟರ್ ಮುಖ ಬಾಡಿಸಿದರು. "ನನಗ ಗೊತ್ತೈತಿವಾ. ಆದ್ರ ಇದು ಹಿಂಗಂದ ಮ್ಯಾಲ ನಿನ್ನ ಹೆಸರು ಪಟ್ಟಿಯಿಂದ ತಗೀಬೇಕಂತ ನಿಯಮ."

"ಹೆಸರು ತಗೀರಿ. ಕಳ್ಳಿ ಅನಿಸಿಕೊಂಡು ಮಾತ್ರ ನಾ ಹೋಗೂದಿಲ್ಲ. ಇದನ್ನ ಮಾಡಿದವರು ಯಾರು, ಕರೀರಿ."

ಮಾಡಿದವರು ಅಂದು ಅಲ್ಲೇ ಇದ್ದರು. ಡಾ. ನೇಮಿರಾಜ ಇಂದ್ರರು ಮೂಡಬಿದಿರೆಯ ಕಡೆಯವರು. ಔಷಧ ಕಾರ್ಖಾನೆಗಳ ಲವಣಗಳನ್ನು ಪರೀಕ್ಷಿಸುವ ದ್ರವ್ಯದರ್ಶಕ ಕಟ್ಟಿ ಹೆಸರು ಮಾಡಿದವರು. ಅದೇ ಯಂತ್ರವನ್ನು ಹಾಲಿಗೆ ಹೊಂದಿಸಿ, ಅದು ಹೇಗೆ ನಡೆಯುತ್ತದೆಂದು ನೋಡಲು ಬಂದಿದ್ದರು. ಸಿಟ್ಟಾದ ಹೆಂಗಸಿಗೆ ಕುರ್ಚಿ ಕೊಟ್ಟು, ತಾಳ್ಮೆಯಿಂದಲೇ ವಿವರಿಸಲು ಕೂತರು.

"ನೋಡಿ ತಾಯಿ, ಜಗತ್ತಿನ ವಸ್ತುಗಳನ್ನೆಲ್ಲ ಈ ಯಂತ್ರ ಎರಡು ಗುಂಪು ಮಾಡುತ್ತದೆ. ಒಂದು ಶುದ್ಧ ವಸ್ತು. ಚಿನ್ನ, ತಾಮ್ರದಂಥ ಧಾತುಗಳು, ನೀರು, ಉಪ್ಪಿನಂಥ ಸಂಯುಕ್ತಗಳು ಆ ಗುಂಪಿಗೆ ಸೇರುತ್ತವೆ. ಶುದ್ಧ ನೀರನ್ನು ಎಲ್ಲಿಂದಲೇ ತನ್ನಿ, ಅದರೊಳಗಿನ ಧಾತುಗಳ ಪ್ರಮಾಣ ಒಂದೇ. ಎರಡನೆಯದು ಮಿಶ್ರಣ. ಅಲ್ಲಿ ವಸ್ತುಗಳು ತಮ್ಮ ತಮ್ಮ ಗುಣ ಉಳಿಸಿಕೊಂಡೇ ಕೂಡಿರುತ್ತವೆ. ಇಂತಿಷ್ಟೇ ಇರಬೇಕೆಂಬ ಕಟ್ಟಿಲ್ಲ."

"ಹಿತ್ತಾಳಿ ಇದ್ದಂಗ," ಎಂದಳು ಮಂಗಳಾ. "ತಾಮ್ರ ಹೆಚ್ಚಾದ್ರೂ ಹಿತ್ತಾಳಿ, ಸತು ಹೆಚ್ಚಾದ್ರೂ ಹಿತ್ತಾಳಿ. ದಿನಾ ಕಾಸತೀನಿರಿ ನಾ."

"ಸರಿಯಾಗಿ ಹೇಳಿದಿರಿ! ಹಾಲೂ ಹಾಗೆಯೇ. ಕಣ್ಣಿಗೆ ಒಂದೇ ಸಮ ಕಂಡರೂ ನೀರು, ಸಕ್ಕರೆ, ಕೊಬ್ಬಿನ ಹನಿ, ಸಾವಿರಾರು ಸಸಾರಜನಕಗಳು ಕೂಡಿದ ಮಿಶ್ರಣ. ನಿಮ್ಮ ಮೊದಲ ದಿನದ ಹಾಲಿನ ಲೆಕ್ಕ ಯಂತ್ರದಲ್ಲಿದೆ. ಇವತ್ತಿನದು ಅದಕ್ಕೆ ತಾಳೆಯಾಗುತ್ತಿಲ್ಲ."

ಮಂಗಳಾ ಕುರ್ಚಿಯ ತುದಿಗೆ ಸರಿದಳು. "ಸರ್, ಮಿಶ್ರಣಕ್ಕ ಕಟ್ಟಿಲ್ಲ ಅಂತ ನೀವೇ ಅಂದ್ರಿ. ಹಾಲು ಮಿಶ್ರಣ ಅಂತ ನಿಮ್ಮ ಮಷೀನೇ ಅಂತೈತಿ. ಮತ್ತ ಲೆಕ್ಕ ತಪ್ಪೇತಿ ಅಂತ ನನ್ನ ಕಳ್ಳಿ ಮಾಡೂದು ಹೆಂಗ?"

ವಿಜ್ಞಾನಿ ಯಂತ್ರದತ್ತ ತಿರುಗಿದರು. ಲವಣದ ಯಂತ್ರವನ್ನು ಹಾಲಿಗೆ ತಂದಾಗ ಪ್ರಮಾಣ ಬದಲಾಗಬಾರದೆಂಬ ಲವಣದ ನಿಯಮವೂ ಅದರ ಜೊತೆಗೇ ಬಂದುಬಿಟ್ಟಿತ್ತು. ಅದನ್ನು ಹಾಲಿಗೆ ಹೊಂದಿಸುತ್ತ ಮೂರು ವರ್ಷ ಅದರ ಮುಂದೆಯೇ ಕೂತಿದ್ದರೂ ಅವರಿಗೆ ಅದು ಹೊಳೆದಿರಲಿಲ್ಲ.

"ಪೂರ್ತಿ ಪಟ್ಟಿ ನೋಡೋಣ," ಎಂದು ಅವರು ಎದ್ದರು.

ಪಟ್ಟಿ ತೆರೆಯ ಮೇಲೆ ಹರಿಯಿತು. ನೀರು ಹೆಚ್ಚಿಲ್ಲ. ಆಕಳ ಹಾಲಿನ ಗುರುತಿಲ್ಲ. ಪಿಷ್ಟವಿಲ್ಲ. ಹೊರಗಿನದೆಂಬುದು ಒಂದೂ ಇಲ್ಲ. ಬಿಳಿ ರಕ್ತಕಣಗಳು ಮಾತ್ರ ಮೊದಲಿನ ಹನ್ನೆರಡು ಪಟ್ಟು. ರೋಗದೊಡನೆ ಹೋರಾಡುವ ಸಸಾರಜನಕಗಳೂ ಏರಿದ್ದವು.

ಸುಗಂಧಾ ಸಿಸ್ಟರ್ ಕೂಡಲೇ ಮಂಗಳಾಳ ಹಣೆ ಮುಟ್ಟಿದರು. ಜ್ವರವಿಲ್ಲ. ಎದೆಯಲ್ಲಿ ಗಡ್ಡೆ, ನೋವು? ಅದೂ ಇಲ್ಲ. ಅವರು ಇಪ್ಪತ್ತು ವರ್ಷ ತಾಯಿ-ಮಕ್ಕಳ ನಡುವೆ ಬದುಕಿದವರು.

"ಕೂಸು ಹೆಂಗೈತಿ?"

"ಚಲೋ ಐತ್ರಿ. ನಿನ್ನಿಯಿಂದ ಒಂಚೂರು ಕಿರಿಕಿರಿ ಮಾಡಾಕತ್ತೇತಿ. ಹಲ್ಲು ಬರ್ತಾವಂತ ನಮ್ಮ ಅತ್ತಿ ಅಂದ್ರು."

"ಈಗಿಂದೀಗ ಕರಕೊಂಡ ಬಾ."

"ಯಾಕ್ರಿ?"

"ಕೂಸು ಮೊಲಿ ಚೀಪುವಾಗ ಅದರ ಜೊಲ್ಲು ಒಂಚೂರು ಒಳಗ ಹೋಗತೈತಿ. ಅದರ ಬ್ಯಾನಿ ತಾಯಿ ಮೈಗೆ ಗೊತ್ತಾಗತೈತಿ ಅಂತಾರವಾ. ತಾಯಿಗೆ ತಿಳಿಯೂಕಿನ್ನ ಮೊದಲ ಮೈಗೆ ತಿಳಿದಿರಬೇಕು."

ಮಂಗಳಾ ಆಟೋ ಹಿಡಿದಳು. ಕಳ್ಳಿ ಎಂಬ ಅವಮಾನ ದಾರಿಯಲ್ಲೇ ಎಲ್ಲೋ ಕಳಚಿಬಿದ್ದಿತ್ತು. ಮನೆಯಲ್ಲಿ ಚನ್ನಬಸು ಅಜ್ಜಿಯ ತೊಡೆಯ ಮೇಲೆ ಗಿಲಕಿ ಹಿಡಿದು ನಗುತ್ತಿದ್ದ. "ನಗೂ ಕೂಸಿಗೆ ಎಂಥಾ ದವಾಖಾನಿ?" ಎಂದು ಅತ್ತೆ ಬೈದರು. ಮಂಗಳಾ ಅವನನ್ನು ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಎರಡನ್ನೂ ನೋಡಿದರು. ಮೂತ್ರದ ಸೋಂಕು ಸದ್ದಿಲ್ಲದೆ ಮೂತ್ರಪಿಂಡದತ್ತ ಏರುತ್ತಿತ್ತು. ಔಷಧ ಶುರುವಾದ ಮೂರು ಗಂಟೆಯ ಮೇಲೆ ಜ್ವರ ಕಾಣಿಸಿಕೊಂಡಿತು. ಇನ್ನೆರಡು ದಿನ ತಡವಾಗಿದ್ದರೆ ಮೂತ್ರಪಿಂಡಕ್ಕೆ ಕಾಯಂ ಪೆಟ್ಟು ಬೀಳುತ್ತಿತ್ತು ಎಂದರು ಮಕ್ಕಳ ವೈದ್ಯರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮಂಗಳಾ ಆಗ ಗೋಡೆಗೊರಗಿ ಅತ್ತಳು.

ಆರನೆಯ ದಿನ ಮಗು ಮನೆಗೆ ಹೊರಟಾಗ ಇಂದ್ರರು ಬಾಗಿಲಲ್ಲಿ ನಿಂತಿದ್ದರು. "ನಿಮ್ಮನ್ನು ನನ್ನ ಯಂತ್ರ ಅವಮಾನಿಸಿತು. ಕ್ಷಮಿಸಬೇಕು," ಎಂದರು.

"ಅದು ಕಂಡದ್ದು ಖರೇನ ಐತ್ರಿ ಸರ್. ಅದಕ್ಕ ನೀವು ಕಲಿಸಿದ ಮಾತು ತಪ್ಪು ಆಗಿತ್ತು," ಎಂದಳು ಮಂಗಳಾ.

ಅವರು ಯಂತ್ರದ ಮಾತು ತಿದ್ದಿದರು. ಹೊರಗಿನ ವಸ್ತು ಬೆರೆತಿದ್ದರೆ ಮಾತ್ರ ಕಲಬೆರಕೆ. ಒಳಗಿನದೇ ಏರುಪೇರಾದರೆ ಮಗುವಿನ ಪರೀಕ್ಷೆ. ಸುದ್ದಿ ಕಾರ್ಖಾನೆಯಿಂದ ಓಣಿಗೆ, ಓಣಿಯಿಂದ ಧಾರವಾಡದವರೆಗೆ ಹಬ್ಬಿತು. ಮೂರು ವರ್ಷದಲ್ಲಿ ದ್ರವ್ಯದರ್ಶಕ ಒಬ್ಬ ಮೋಸಗಾತಿಯನ್ನೂ ಹಿಡಿಯಲಿಲ್ಲ. ಮೂವತ್ತೇಳು ಕೂಸುಗಳ ಬೇನೆಯನ್ನು ಮಾತ್ರ ಮೊದಲೇ ಹಿಡಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಚಮಚ ಹಾಲು ತೋರಿಸಿ ಹೋಗೋಣವೆಂದು ಬಂದ ತಾಯಂದಿರು ಹನ್ನೊಂದು ಸೆಕೆಂಡು ಕಾಯುವಾಗ ನೋಡಲು ಅಲ್ಲಿ ಇನ್ನೇನಿತ್ತು? ಎದುರಿನ ಗಾಜಿನ ಪೆಟ್ಟಿಗೆಗಳು, ಅವುಗಳೊಳಗೆ ಅಂಗೈಯಷ್ಟು ಉಸಿರಾಟ. ತಮ್ಮ ಮಗು ಕ್ಷೇಮವೆಂದು ತಿಳಿದವರು ಸೆರಗು ಸರಿಪಡಿಸಿಕೊಳ್ಳುತ್ತ, "ಸಿಸ್ಟರ್, ಒಂದು ಖಾಲಿ ಬಾಟಲಿ ಇದ್ರ ಕೊಡ್ರಿ," ಎನ್ನುತ್ತಿದ್ದರು.

ಆ ಮೂರನೆಯ ವರ್ಷ ಸುಗಂಧಾ ಸಿಸ್ಟರ್ ಆಡಳಿತಕ್ಕೆ ಕಾಗದ ಬರೆದರು: ಹಾಲಿಡಲು ಜಾಗ ಸಾಲುತ್ತಿಲ್ಲ, ಇನ್ನೊಂದು ಫ್ರಿಜ್ ಬೇಕು.