ಒಳಬಾಗಿಲ ಬಟ್ಟಲುಗಳು

ಬಹಳ ಕಾಲದ ಹಿಂದೆ, ಬೆಟ್ಟಗಳ ಆಚೆ ಮುತ್ತಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಪ್ರತಿಯೊಂದು ಬಾಗಿಲಲ್ಲೂ ಒಂದು ಕಲ್ಲುಜಗಲಿ, ಅದರ ಮೇಲೆ ಸಾಲಾಗಿ ಬಟ್ಟಲುಗಳು. ಒಳಗಿನವರಿಂದ ಕೆಲಸವಾಗಬೇಕಾದರೆ ಮೊದಲ ಬಟ್ಟಲಲ್ಲಿ ಸಾಮಾನು, ಎರಡನೆಯದರಲ್ಲಿ ಎಷ್ಟು ಎಂದು ತಿಳಿಸುವ ಅಳತೆಯ ಕಾಳು, ಮೂರನೆಯದರಲ್ಲಿ ಯಾರಿಗಾಗಿ ಎಂಬ ಮುದ್ರೆ ಇಟ್ಟು ಹಿಂದೆ ಸರಿಯಬೇಕು. ಒಳಗಿನವರು ಅದೇ ಕ್ರಮದಲ್ಲಿ ಎತ್ತಿಕೊಳ್ಳುವರು. ಭಾಷೆ ಬಾರದ ಪರದೇಶಿಗೂ, ಹಾರಿಬಂದ ಹಕ್ಕಿಗೂ ಇದರಿಂದ ಕೆಲಸವಾಗುತ್ತಿತ್ತು. ಈ ಪದ್ಧತಿ ಮಾಡಿದ ಹಿರಿಯರು ನಿಜಕ್ಕೂ ಪುಣ್ಯಾತ್ಮರು.

ಆ ರಾಜ್ಯದ ರಾಣಿ ಚಂದಲಾದೇವಿ. ಅವಳನ್ನು ಕಂಡರಾಗದ ಮಾಂತ್ರಿಕ ಕಾಳಕೇತು ಶಾಪ ಕೊಟ್ಟ. ರಾಣಿ ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿದಳು. ಬೆಂಕಿಬೆಟ್ಟದ ಹೂವಿನ ರಸವನ್ನು ಬಿಸಿಯಿರುವಾಗಲೇ ಕುಡಿದರೆ ಕಲ್ಲು ಕರಗುತ್ತದೆ. ಆದರೆ ಹೂವಿನ ಬಿಸಿ ಒಮ್ಮೆ ಆರಿತೋ, ಯಾವ ಒಲೆಯೂ ಅದನ್ನು ಮರಳಿ ತರಲಾರದು.

ಅರಮನೆಯ ಒಳಗೆ ಮೂರು ಮದ್ದಿನ ಕೋಣೆಗಳಿದ್ದವು. ಮೊದಲನೆಯದರಲ್ಲಿ ಮಾಳವ್ವೆ ಅರೆಯುತ್ತಿದ್ದಳು. ಎರಡನೆಯದರಲ್ಲಿ ಅವಳ ತಮ್ಮ ಬೊಮ್ಮರಸ ಸೋಸುತ್ತಿದ್ದ. ಮೂರನೆಯದರಲ್ಲಿ ಚೌಂಡಜ್ಜ ಜೇನು ಬೆರೆಸಿ ರಾಣಿಗೆ ಕುಡಿಸುತ್ತಿದ್ದ. ಅಕ್ಕ-ತಮ್ಮ ಇಬ್ಬರೂ ತಬ್ಬಲಿಗಳು, ರಾಣಿಯ ಕೈತುತ್ತು ತಿಂದು ಬೆಳೆದವರು. ಅವಳಿಗೆ ಹೀಗಾದದ್ದು ಕಂಡು ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೆಂಕಿಬೆಟ್ಟದ ಗಂಡಭೇರುಂಡ ಹಕ್ಕಿ ಹೂವು ತಂದು ಹೆಬ್ಬಾಗಿಲ ಬಟ್ಟಲಲ್ಲಿಟ್ಟಿತು. ಮಾಳವ್ವೆ ಅರೆದಳು, ಬಟ್ಟಲಿಗೆ ಹಾಕಿದಳು, ಕಾಳು ಇಟ್ಟಳು, ಮುದ್ರೆ ಇಟ್ಟಳು, ಹಿಂದೆ ಸರಿದಳು. ಬೊಮ್ಮರಸ ಎತ್ತಿಕೊಂಡ, ಸೋಸಿದ, ಬಟ್ಟಲಿಗೆ ಹಾಕಿದ, ಕಾಳು ಇಟ್ಟ, ಮುದ್ರೆ ಇಟ್ಟ, ಹಿಂದೆ ಸರಿದ. ಅಜ್ಜನ ಕೈ ಸೇರುವಷ್ಟರಲ್ಲಿ ರಸ ತಣ್ಣಗಾಗಿತ್ತು. ಕಲ್ಲು ರಾಣಿಯ ಮೊಣಕಾಲಿಗೇರಿತು.

"ಈ ಬಟ್ಟಲುಗಳೇ ಹಾಳು!" ಎಂದು ಸಿಟ್ಟಿಗೆದ್ದ ಬೊಮ್ಮರಸ ಹೆಬ್ಬಾಗಿಲ ಬಟ್ಟಲುಗಳನ್ನೆಲ್ಲ ಎತ್ತಿಟ್ಟು ಕೈಚಾಚಿ ನಿಂತ. ಗಂಡಭೇರುಂಡ ಬಂತು. ಎರಡು ತಲೆ, ನಾಲ್ಕು ಕಣ್ಣು. ಎಷ್ಟು ಹುಡುಕಿದರೂ ಬಟ್ಟಲಿಲ್ಲ. ಪಾಪ, ಹೂವಿನೊಡನೆಯೇ ಹಾರಿಹೋಯಿತು. ಕಲ್ಲು ರಾಣಿಯ ಎದೆಗೇರಿತು.

ಬೊಮ್ಮರಸ ಅತ್ತೇಬಿಟ್ಟ. ಮಾಳವ್ವೆ ಬೈಯಲಿಲ್ಲ.

"ಹೊರಗಿನೋರಿಗೆ ನಮ್ಮ ಮನಸ್ಸು ಹೇಗಪ್ಪಾ ಗೊತ್ತಾಗುತ್ತೆ? ಹೆಬ್ಬಾಗಿಲಿಗೆ ಬಟ್ಟಲು ಬೇಕೇ ಬೇಕು" ಎಂದಳು.

ಬೊಮ್ಮರಸ ಕಣ್ಣೊರೆಸಿಕೊಂಡ. "ಅಕ್ಕಾ, ನನ್ನ ಕೋಣೆ ಬಾಗಿಲಿಗೆ ಯಾರು ಬರ್ತಾರೆ?"

"ನಾನೊಬ್ಬಳೇ."

"ಅಜ್ಜನ ಬಾಗಿಲಿಗೆ?"

"ನೀನೊಬ್ಬನೇ."

"ಹಾಗಾದ್ರೆ ನಮ್ಮ ನಮ್ಮಲ್ಲಿ ಬಟ್ಟಲು ಯಾಕೆ? ಕೈಯಿಂದ ಕೈಗೇ ಕೊಡೋಣ. ಮುದ್ರೆಯೂ ಬೇಡ. ಅಜ್ಜ ಇನ್ಯಾರಿಗೆ ಕುಡಿಸ್ತಾರೆ?"

"ಹೌದಲ್ಲೋ ಮಗಾ!" ಎಂದ ಚೌಂಡಜ್ಜ. "ಇಷ್ಟು ವರ್ಷ ಮುದ್ರೆ ನೋಡಿ ನೋಡಿಯೇ ಕಣ್ಣು ಮಂಜಾಯ್ತು."

ಹೆಬ್ಬಾಗಿಲಿಗೆ ಬಟ್ಟಲುಗಳು ಮರಳಿದವು. ಕಲ್ಲು ರಾಣಿಯ ಕೊರಳು ಮುಟ್ಟುವ ಹೊತ್ತಿಗೆ ಗಂಡಭೇರುಂಡ ಮತ್ತೆ ಬಂತು, ಹೂವನ್ನು ಮೊದಲ ಬಟ್ಟಲಲ್ಲಿಟ್ಟಿತು. ಅದೇ ಗಳಿಗೆಗೆ ಕಾಳಕೇತು ಕಾಣದ ರೂಪದಲ್ಲಿ ಒಳನುಸುಳಿದ. ಅರಮನೆಯ ಪದ್ಧತಿ ಅವನಿಗೆ ಬಾಯಿಪಾಠ. ಎತ್ತಿಕೊಂಡವರನ್ನು ಕಲ್ಲಾಗಿಸುವ, ಯಾರೂ ಎತ್ತಿಕೊಳ್ಳದಿದ್ದರೆ ಇಟ್ಟವನಿಗೇ ತಿರುಗುವ ಮಂಕುಬೂದಿಯನ್ನು ಬೊಮ್ಮರಸನ ಬಾಗಿಲ ಬಟ್ಟಲಿಗೆ ಹಾಕಿದ, ಕಾಳು ಇಟ್ಟ, ಮುದ್ರೆ ಇಟ್ಟ, ಹಿಂದೆ ಸರಿದು ಮೀಸೆಯಡಿ ನಗುತ್ತ ಕಾದ.

ಆ ಬಟ್ಟಲ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಮಾಳವ್ವೆ ಕೆಂಡದಂಥ ಹೂವು ಅರೆದು ತಮ್ಮನ ಬೊಗಸೆಗೆ ಸುರಿದಳು. ಅವನು ಹಲ್ಲುಕಚ್ಚಿ ಸೋಸಿ ಅಜ್ಜನ ಬೊಗಸೆಗೆ ಸುರಿದ. ಅಜ್ಜ ಜೇನು ಬೆರೆಸಿ ರಾಣಿಯ ತುಟಿಗೆ ಹಿಡಿದ. ರಸದಿಂದ ಹಬೆ ಏಳುತ್ತಲೇ ಇತ್ತು. ಕಲ್ಲು ಕರಗಿ ನೀರಾಗಿ ಹರಿಯಿತು.

ಯಾರೂ ಎತ್ತಿಕೊಳ್ಳದ ಮಂಕುಬೂದಿ ಹಾರಿ ಒಡೆಯನ ಮುಖಕ್ಕೇ ಬಡಿಯಿತು. ಕಾಳಕೇತು ಮೀಸೆಸಮೇತ ಕಲ್ಲಾದ.

ಎದ್ದ ರಾಣಿ ಸಿಂಹಾಸನಕ್ಕೆ ಹೋಗಲಿಲ್ಲ. ಬರಿಗಾಲಲ್ಲಿ ಮದ್ದಿನ ಕೋಣೆಗೆ ನಡೆದುಬಂದಳು. ಮೂವರೂ ಬೊಬ್ಬೆ ಎದ್ದ ಕೈಗಳನ್ನು ಬೆನ್ನಹಿಂದೆ ಬಚ್ಚಿಟ್ಟುಕೊಂಡರು.

"ತೋರಿಸಿ" ಎಂದಳು ರಾಣಿ. ಒಂದೊಂದೇ ಅಂಗೈ ಬಿಡಿಸಿ ನೋಡಿದಳು. "ನಿಮ್ಮ ಕೈ ಸುಟ್ಟುಕೊಂಡು ನನಗೆ ಕಾಲು ಕೊಟ್ರಲ್ಲಪ್ಪಾ. ಈ ಋಣ ನಾನು ಹೇಗೆ ತೀರಿಸಲಿ?"

"ನೀವು ನಡೆದು ಬಂದ್ರಲ್ಲ ತಾಯಿ, ಅಷ್ಟು ಸಾಕು" ಎಂದಳು ಮಾಳವ್ವೆ.

ರಾಣಿ ನೆಲದ ಮೇಲೆ ಕೂತು ಮೂವರ ಅಂಗೈಗೂ ತಾನೇ ಬೆಣ್ಣೆ ಹಚ್ಚಿದಳು. ಆಮೇಲೆ ಮುತ್ತಿನಕೋಟೆಯಲ್ಲಿ ಕಣ್ಣೀರು ಹಾಕಿದವರೆಂದರೆ ಈರುಳ್ಳಿ ಹೆಚ್ಚುವವರು ಮಾತ್ರ.