ಸೋಮವಾರದ ಅಗಲ ಪಟ್ಟಿ

ಹೆಣ ಏಣಿಯ ಬುಡದಲ್ಲಿತ್ತು. ತಲೆಯ ಹಿಂಭಾಗ ಒಡೆದಿತ್ತು. ಶುಕ್ರವಾರ ಬೆಳಿಗ್ಗೆ ಮೊದಲು ಕಂಡವನು ಸತ್ತ ಚಿತ್ರಕಾರನ ತಮ್ಮ. ಅಣ್ಣನ ಕೆಳಮನೆಯಲ್ಲೇ ಅವನದು ಚೌಕಟ್ಟು ಕಟ್ಟುವ ಅಂಗಡಿ. ಮಂಗಳವಾರ ಮುಂಜಾನೆ ಬೇರೆ ಊರಿಗೆ ಕೆಲಸಕ್ಕೆ ಹೋದವನು ಆಗತಾನೇ ಮರಳಿದ್ದ.

"ಜೀವ ಹೋಗಿ ಎಷ್ಟು ಹೊತ್ತಾಯ್ತು?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಏ.ಸಿ.ಗೆ ಕೋಣೆ ಮಂಜುಗಡ್ಡೆ ಆಗಿದೆ. ಕೊಯ್ದು ನೋಡೋತನಕ ಏನೂ ಹೇಳೋಕಾಗಲ್ಲ," ಎಂದರು ಡಾಕ್ಟರು.

"ನಿನ್ನೆ ಸಂಜೆತನಕ ಬದುಕಿದ್ದ ಮೇಡಂ." ತಮ್ಮ ಗೋಡೆಯತ್ತ ಕೈ ಮಾಡಿದ. "ಅಣ್ಣ ದಿನಾ ಸಂಜೆ ಒಂದು ಪಟ್ಟಿ ಬಳೀತಿದ್ದ. ಗುರುವಾರದ್ದೂ ಇದೆ, ನೋಡಿ."

ಗೋಡೆಯಗಲ ಕ್ಯಾನ್ವಾಸ್. ಆಕಾರವಿಲ್ಲ, ಮುಖವಿಲ್ಲ, ಬರೀ ಎಣ್ಣೆಬಣ್ಣದ ಪಟ್ಟಿಗಳು. ಭಾನುವಾರಕ್ಕೆ ಕೆಂಪು, ಉಳಿದ ದಿನಗಳಿಗೆ ಬೂದು. ಕೊನೆಯ ಕೆಂಪಿನ ಪಕ್ಕ ನಾಲ್ಕು ಬೂದು ಪಟ್ಟಿ.

ಗುರುವಾರ ಸಂಜೆ ಏಳು ಗಂಟೆಗೆ ಚಿತ್ರಕಾರನ ಮಗಳು ಅಳುತ್ತಾ ಹೋದದ್ದನ್ನು ಎದುರುಮನೆಯವರು ಕಂಡಿದ್ದರು. ಅಪ್ಪ ಮಗಳಿಗೆ ಆರು ವರ್ಷದಿಂದ ಮಾತಿಲ್ಲ. ಮಗಳನ್ನು ಒಳಗೆ ಹಾಕಲು ಇನ್ನೇನು ಬೇಕು!

*

"ಅಪ್ಪ ಬಾಗಿಲೇ ತೆಗೀಲಿಲ್ಲ," ಎಂದಳು ಮಗಳು ಠಾಣೆಯಲ್ಲಿ. "ಸೋಮವಾರ ಫೋನ್ ಮಾಡಿ, ಗುರುವಾರ ಬಂದುಬಿಡ್ತೀನಿ, ಕೆಳಮನೇಲಿ ಇರಲಾ ಅಂತ ಕೇಳಿದ್ದೆ. 'ಹೂಂ' ಅಂದು ಇಟ್ಟುಬಿಟ್ಟರು. ಸಿಟ್ಟು ಇಳಿದಿರಲಿಲ್ಲ ಅನ್ಸುತ್ತೆ."

"ಪಟ್ಟಿಗಳು ಯಾಕೆ ಒಂದೊಂದು ಒಂದೊಂದು ಥರ?"

"ದಿನ ಎಷ್ಟು ದೊಡ್ಡದು ಅನ್ಸಿತೋ ಅಷ್ಟು ಅಗಲ. ಅಮ್ಮ ಹೋದಮೇಲೆ ಎಲ್ಲಾ ದಾರದ ಹಾಗಾಯ್ತು. 'ನಂಗಿನ್ನು ದಿನಗಳೇ ಇಲ್ಲ' ಅನ್ನೋರು ಅಪ್ಪ."

ಇನ್‌ಸ್ಪೆಕ್ಟರಮ್ಮ ಟೋಪಿ ಎತ್ತಿಕೊಂಡಳು. ಆತುರಕ್ಕೆ ಬಿದ್ದು ಈ ಹುಡುಗಿಯ ಬಾಳು ಹಾಳುಮಾಡುವುದು ಅವಳಿಗೆ ಸುತರಾಂ ಬೇಕಿರಲಿಲ್ಲ.

*

ಸೋಮವಾರದ ಪಟ್ಟಿ ಅಂಗೈಯಗಲ. ಆಮೇಲಿನ ಮೂರು ದಾರದಷ್ಟು. ಗುರುವಾರದ್ದನ್ನು ಇನ್‌ಸ್ಪೆಕ್ಟರಮ್ಮ ಬೆರಳಿಂದ ಒತ್ತಿದಳು. ಬಣ್ಣ ಹತ್ತಲಿಲ್ಲ. ಟಾರ್ಚ್ ಹಿಡಿದು ಬಗ್ಗಿದಳು. ಆ ಮೂರರ ತುದಿಗೆ ಮಾತ್ರ ಪೆನ್ಸಿಲಿನ ಪುಟ್ಟ ಗುರುತು.

ಕೆಳಗೆ ಅಂಗಡಿಯಲ್ಲಿ ತಮ್ಮ ಮರದ ಪಟ್ಟಿ ಅಳೆದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ.

"ಎಷ್ಟು ವರ್ಷದ ಕಸುಬು?"

"ಮೂವತ್ತು."

"ಅದಕ್ಕೇ ಅಳೆಯದೆ ಗೆರೆ ಎಳೆಯೋಕೆ ಕೈ ಬರಲಿಲ್ಲ. ನಿಮ್ಮಣ್ಣ ಒಂದು ದಿನಕ್ಕೂ ಪೆನ್ಸಿಲ್ ಮುಟ್ಟಿಲ್ಲ."

ಅವನು ತಲೆ ಎತ್ತದೆ ಇನ್ನೊಂದು ಗುರುತು ಹಾಕಿದ.

"ನಿನ್ನೆ ಬಳಿದ ಎಣ್ಣೆಬಣ್ಣ ಇವತ್ತಿಗೇ ಒಣಗಲ್ಲ. ನಾಲ್ಕೂ ಸೋಮವಾರದ್ದೇ. ಒಂದು ಅವನದು, ಮೂರು ನಿನ್ನದು. ಅವನನ್ನ ಗುರುವಾರದವರೆಗೆ ಬದುಕಿಸಿದರೆ, ಮಂಗಳವಾರದಿಂದ ಊರಲ್ಲಿಲ್ಲದ ನೀನು ಪಾರು. ಅಷ್ಟೂ ಸಾಲದು ಅಂತ, ಮಗಳ ದಾರಿ ಕಾಯೋ ಅಪ್ಪನ ದಿನಗಳನ್ನ ದಾರ ಮಾಡಿಟ್ಟೆ. ಕಾಯೋ ದಿನ ಅಷ್ಟು ಸಣ್ಣಗಿರುತ್ತಾ?"

ಪೆನ್ಸಿಲ್ ಕೆಳಗೆ ಬಿತ್ತು.

"ಅವಳು ಬರ್ತಾಳೆ, ಅಂಗಡಿ ಖಾಲಿ ಮಾಡು ಅಂದ," ಎಂದ ತಮ್ಮ. "ನಗ್ತಾ ಅಂದ. ಅವನ ಒಂದೊಂದು ಚಿತ್ರಕ್ಕೂ ಚೌಕಟ್ಟು ಕಟ್ಟಿದವನು ನಾನು. ಸುತ್ತಿಗೆ ಕೈಯಲ್ಲೇ ಇತ್ತು."

*

ಮಗಳನ್ನು ಬಿಟ್ಟರು. ಅವಳು ಮೊದಲು ಹೋದದ್ದು ಆ ಗೋಡೆಯ ಮುಂದಕ್ಕೆ.

"ಬರೀ 'ಹೂಂ' ಅಂದರು ಅಂದೆಯಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ. "ಅವತ್ತಿನ ದಿನ ಇದು."

ಮಗಳು ಸೋಮವಾರದ ಮೇಲೆ ಅಂಗೈ ಇಟ್ಟಳು. ಸರಿಯಾಗಿ ಹಿಡಿಸಿತು.

"ಗುರುವಾರದ್ದು ಎಷ್ಟಗಲ ಬಳೀತಿದ್ದರೋ!" ಎಂದು ಬಿಕ್ಕಿದಳು.

ಇನ್‌ಸ್ಪೆಕ್ಟರಮ್ಮ ಪಕ್ಕದ ಬರಿ ಕ್ಯಾನ್ವಾಸನ್ನು ನೋಡುತ್ತಾ ನಿಂತಳು.